ನೀರೊಳಗಿನ ಹಲ್ಲುಚಕ್ರಗಳು: ಹಳೆಯ ದೋಣಿ ಮೋಟಾರಿನ ಕೆಳಭಾಗದ ದುರಸ್ತಿ

ದೋಣಿಯ ಹಿಂಬದಿಯ ಹಲಗೆಗೆ ಬಿಗಿದು, ಬೇಡವಾದಾಗ ಕಳಚಿ ಒಯ್ಯಬಹುದಾದ ಯಂತ್ರಕ್ಕೆ ಔಟ್‌ಬೋರ್ಡ್ ಮೋಟಾರು ಎಂದು ಹೆಸರು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನೆಲೆಸಿದ ಓಲೆ ಎವಿನ್‌ರೂಡನು 1909ರಲ್ಲಿ ರೂಪಿಸಿದ ಮೋಟಾರಿನಿಂದ ಇದಕ್ಕೆ ವಿಶೇಷ ಪ್ರಚಾರ ದೊರೆಯಿತು. 1949ರಲ್ಲಿ ಜಾನ್ಸನ್ ಕಂಪನಿಯು ಮುನ್ನಡೆ, ಹಿನ್ನಡೆ, ತಟಸ್ಥ ಎಂಬ ಮೂರು ಸ್ಥಿತಿಗಳುಳ್ಳ ಗೇರನ್ನು ತನ್ನ 10 ಅಶ್ವಶಕ್ತಿಯ ಮೋಟಾರಿಗೆ ಅಳವಡಿಸಿತು. ಆ ಕಾಲದ ಮೋಟಾರುಗಳನ್ನು ಅಮೆರಿಕದ ಸರೋವರ ಪ್ರಾಂತಗಳಲ್ಲಿ ಹವ್ಯಾಸಿಗಳು ಇಂದಿಗೂ ರಿಪೇರಿ ಮಾಡಿ ಓಡಿಸುತ್ತಾರೆ. ನಮ್ಮ ಕರಾವಳಿಯ ನಾಡದೋಣಿಗಳ ಮೀನುಗಾರರಿಗೂ ಔಟ್‌ಬೋರ್ಡ್ ಮೋಟಾರು ಪರಿಚಿತವಾದುದೇ. ಮೇಲಿನ ಎಂಜಿನು ಎಷ್ಟೇ ಸೊಗಸಾಗಿ ಓಡುತ್ತಿರಲಿ, ನೀರಿನಲ್ಲಿ ಮುಳುಗಿರುವ ಕೆಳಭಾಗವು ಕೆಟ್ಟರೆ ದೋಣಿ ನಡುನೀರಿನಲ್ಲಿ ನಿಂತಂತೆಯೇ. ಆದುದರಿಂದ ಈ ಕೆಳಭಾಗದ ರಚನೆಯೇನು, ಅದು ಏಕೆ ಕೆಡುತ್ತದೆ, ಸರಿಪಡಿಸುವ ಕ್ರಮವೇನು ಎಂಬುದನ್ನು ವಿಚಾರಿಸೋಣ.

ರಚನೆ

ಎಂಜಿನಿನಿಂದ ನೇರವಾಗಿ ಕೆಳಕ್ಕಿಳಿಯುವ ಚಾಲಕದಂಡದ ತುದಿಯಲ್ಲಿ ಒಂದು ಚಿಕ್ಕ ಹಲ್ಲುಚಕ್ರವಿದೆ. ಇದು ಎದುರುಬದುರಾಗಿರುವ ಎರಡು ದೊಡ್ಡ ಓರೆಹಲ್ಲಿನ ಚಕ್ರಗಳನ್ನು ಒಮ್ಮೆಲೇ ತಿರುಗಿಸುತ್ತದೆ. ಒಂದು ಬಲಕ್ಕೆ ತಿರುಗಿದರೆ ಮತ್ತೊಂದು ಎಡಕ್ಕೆ. ಇವೆರಡರ ನಡುವೆ, ಪ್ರೊಪೆಲ್ಲರಿನ ದಂಡದ ಮೇಲೆ, ಹಿಂದೆ ಮುಂದೆ ಸರಿಯಬಲ್ಲ ಕ್ಲಚ್ಚು ಇರುತ್ತದೆ. ಅದರ ದಪ್ಪ ಹಲ್ಲುಗಳು ಯಾವ ಚಕ್ರವನ್ನು ಹಿಡಿಯುವುವೋ ಆ ಚಕ್ರದೊಡನೆ ಪ್ರೊಪೆಲ್ಲರು ತಿರುಗುತ್ತದೆ. ಎರಡನ್ನೂ ಹಿಡಿಯದಿದ್ದರೆ ಅದೇ ತಟಸ್ಥ ಸ್ಥಿತಿ.

ಚಿಕ್ಕ ಚಕ್ರಕ್ಕೆ 12 ಹಲ್ಲು, ದೊಡ್ಡದಕ್ಕೆ 24 ಹಲ್ಲು ಎಂದುಕೊಳ್ಳೋಣ. ಎಂಜಿನು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಪ್ರೊಪೆಲ್ಲರು 2000 ಸುತ್ತು ತಿರುಗುವುದು. ಘರ್ಷಣೆಯ ನಷ್ಟವನ್ನು ಬಿಟ್ಟರೆ ಅದರ ತಿರುಗುಬಲ ಇಮ್ಮಡಿಯಾಗುವುದು. ಇಷ್ಟು ಬಲವನ್ನು ಹೊರುವ ಹಲ್ಲುಗಳ ನಡುವೆ ಇರುವುದು ಎಣ್ಣೆಯ ತೆಳುಪೊರೆ ಮಾತ್ರ. ಹೊರಗೆ ನೀರು, ಒಳಗೆ ಎಣ್ಣೆ. ಇವನ್ನು ಬೇರ್ಪಡಿಸುವುದು ದಂಡವನ್ನು ಅಪ್ಪಿಕೊಂಡಿರುವ ಒಂದು ಸಣ್ಣ ರಬ್ಬರಿನ ಸೀಲು. ಕೆಳಭಾಗದ ಆಯುಸ್ಸೆಲ್ಲ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಎಣ್ಣೆ ನುಡಿಯುವ ಸಾಕ್ಷ್ಯ

ದುರಸ್ತಿಗೆ ತೊಡಗುವ ಮೊದಲು ಕೆಳಗಿನ ಎಣ್ಣೆ ತಿರುಪನ್ನು ಬಿಚ್ಚಿ, ಹೊರಬಂದುದನ್ನು ಗಾಜಿನ ಪಾತ್ರೆಯಲ್ಲಿ ಹಿಡಿಯಬೇಕು. ಎಣ್ಣೆ ತಿಳಿಯಾಗಿದ್ದರೆ ಸೀಲು ನೆಟ್ಟಗಿದೆಯೆಂದು ತಿಳಿಯಬಹುದು. ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಒಳಹೊಕ್ಕು ಎಣ್ಣೆಯೊಡನೆ ಕಡೆದುಹೋಗಿದೆ. ಮೋಟಾರು ಬಹುಕಾಲ ಸುಮ್ಮನೆ ನಿಂತಿದ್ದರೆ ಭಾರವಾದ ನೀರು ತಳಕ್ಕಿಳಿದು ಮೊದಲು ನೀರೇ ಹೊರಬರಬಹುದು. ಲೋಹದ ಚೂರುಗಳು ಕಂಡರೆ ಹಲ್ಲೋ ಬೇರಿಂಗೋ ಮುರಿದಿದೆ.

ನೀರು ಒಳಗೆ ಹೋಗುವುದಾದರೂ ಹೇಗೆ? ಓಡುವಾಗ ಒಳಗಿನ ಎಣ್ಣೆಯೂ ಗಾಳಿಯೂ ಬಿಸಿಯಾಗಿ ಹಿಗ್ಗುತ್ತವೆ. ಮೋಟಾರು ನಿಂತೊಡನೆ ಸುತ್ತಲಿನ ತಣ್ಣೀರು ಅವನ್ನು ತಣಿಸುತ್ತದೆ. ಅವು ಕುಗ್ಗಿ ಒಳಗಿನ ಒತ್ತಡ ಇಳಿಯುತ್ತದೆ. ಆಗ ಹೊರಗಿನ ಒತ್ತಡವು ಸವೆದ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ತಳ್ಳುತ್ತದೆ. ನೀರು ಬೆರೆತ ಎಣ್ಣೆಯ ಪೊರೆಗೆ ಭಾರ ಹೊರುವ ಸಾಮರ್ಥ್ಯ ಕಡಮೆ. ಜೊತೆಗೆ ಉಕ್ಕಿನ ಬೇರಿಂಗಿಗೆ ತುಕ್ಕು ತಗುಲುತ್ತದೆ. ಚಳಿಗಾಲದಲ್ಲಿ ಸರೋವರಗಳು ಹೆಪ್ಪುಗಟ್ಟುವ ದೇಶಗಳಲ್ಲಿ ಇನ್ನೊಂದು ಅಪಾಯವುಂಟು: ನೀರು ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇಕಡಾ 9ರಷ್ಟು ಹೆಚ್ಚುವುದರಿಂದ ಕವಚವೇ ಬಿರಿಯಬಹುದು.

ಬಿಚ್ಚುವ ಕ್ರಮ

ಮೊದಲು ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಬೇಕು. ಇಲ್ಲದಿದ್ದರೆ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವಾಗ ಎಂಜಿನು ಹೊತ್ತಿಕೊಂಡೀತು. ಹಳೆಯ ಮೋಟಾರಿನ ತಿರುಪುಗಳು ಸುಲಭವಾಗಿ ಕದಲುವುದಿಲ್ಲ. ಅಲ್ಯೂಮಿನಿಯಮ್ ಕವಚ, ಉಕ್ಕಿನ ತಿರುಪು, ನಡುವೆ ನೀರು, ಇವು ಸೇರಿ ಒಂದು ವಿದ್ಯುತ್ಕೋಶವೇ ಆಗುತ್ತದೆ. ಅಲ್ಯೂಮಿನಿಯಮ್ ಕರಗಿ, ಅದರ ಬಿಳಿಯ ಪುಡಿ ತಿರುಪಿನ ಎಳೆಗಳಲ್ಲಿ ಬಿಗಿದುಕೊಳ್ಳುತ್ತದೆ. ಇಲ್ಲಿ ಬಲಪ್ರಯೋಗಕ್ಕಿಂತ ಶಾಖಪ್ರಯೋಗ ಲೇಸು. ಒಂದು ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅಲ್ಯೂಮಿನಿಯಮ್ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗಿದರೆ ಉಕ್ಕು ಹಿಗ್ಗುವುದು ಸುಮಾರು 12 ಪಾಲು. ಆದುದರಿಂದ ಬಿಸಿಮಾಡಿದಾಗ ರಂಧ್ರವು ತಿರುಪಿಗಿಂತ ಹೆಚ್ಚು ಅಗಲವಾಗಿ ಹಿಡಿತ ಸಡಿಲುತ್ತದೆ. ಪೆಟ್ರೋಲಿನ ತೊಟ್ಟಿಯನ್ನು ಮೊದಲೇ ದೂರವಿರಿಸಬೇಕೆಂಬುದನ್ನು ಹೇಳಬೇಕಾಗಿಲ್ಲ.

ಕೆಲವು ಮಾದರಿಗಳಲ್ಲಿ ಎಣ್ಣೆ ತಿರುಪಿನ ಸಮೀಪದಲ್ಲಿಯೇ ಅಡ್ಡಗೀರು ತಲೆಯ ಇನ್ನೊಂದು ತಿರುಪು ಇರುತ್ತದೆ. ಅದು ಗೇರು ಬದಲಿಸುವ ಸನ್ನೆಯ ಕೀಲು. ಎಣ್ಣೆ ತಿರುಪೆಂದು ಭ್ರಮಿಸಿ ಅದನ್ನು ಕಿತ್ತರೆ ಒಳಗಿನ ಸನ್ನೆ ಸ್ಥಾನ ತಪ್ಪುತ್ತದೆ. ಮರಳಿ ಕೂಡಿಸಲು ಕವಚವನ್ನೇ ಬಿಚ್ಚಬೇಕಾದೀತು. ಬಿಚ್ಚಿದ ಭಾಗಗಳನ್ನು ಬಂದ ಕ್ರಮದಲ್ಲಿಯೇ ಸಾಲಾಗಿ ಇಡಬೇಕು. ತೆಳುಬಿಲ್ಲೆಗಳ ದಪ್ಪವೇ ಚಕ್ರಗಳ ನಡುವಣ ಅಂತರವನ್ನು ನಿರ್ಧರಿಸುವುದರಿಂದ ಅವುಗಳಲ್ಲಿ ಒಂದೂ ಅದಲುಬದಲಾಗಕೂಡದು.

ಕಾರಣದ ಶೋಧನೆ

ಇಲ್ಲಿಯೇ ನಿಜವಾದ ವಿವೇಚನೆ ಬೇಕು. ಸೀಲು ಹರಿದಿದೆಯೆಂದು ಹೊಸದನ್ನು ಹಾಕಿ ಮುಗಿಸಿದರೆ ಕೆಲಸ ಅರ್ಧವೇ ಆಯಿತು. ಅದು ಏಕೆ ಹರಿಯಿತು? ಅನೇಕ ವೇಳೆ ಪ್ರೊಪೆಲ್ಲರಿನ ಹಿಂದೆ ಗಾಳದ ದಾರ ಸುತ್ತಿಕೊಂಡು ಸೀಲನ್ನು ಕೊಯ್ದಿರುತ್ತದೆ. ಅಥವಾ ಸೀಲಿನ ಅಂಚು ಉಜ್ಜಿ ಉಜ್ಜಿ ದಂಡದ ಮೇಲೆಯೇ ಉಂಗುರದಂತಹ ಗೀರು ಬಿದ್ದಿರಬಹುದು. ಉಗುರಿಗೆ ಸಿಕ್ಕುವ ಗೀರಿನ ಮೇಲೆ ಹೊಸ ಸೀಲೂ ಸೋರುತ್ತದೆ. ದಂಡವನ್ನು ಬದಲಿಸಬೇಕು, ಇಲ್ಲವೆ ಅದರ ಮೇಲೆ ತೆಳುವಾದ ಲೋಹದ ತೋಳು ತೊಡಿಸಬೇಕು.

ಗೇರು ತಾನಾಗಿ ಜಾರುತ್ತಿದ್ದರೆ ಕ್ಲಚ್ಚಿನ ಹಲ್ಲುಗಳ ಮೂಲೆಗಳನ್ನು ನೋಡಬೇಕು. ಅಳುಕುತ್ತ ನಿಧಾನವಾಗಿ ಗೇರು ಹಾಕುವ ಅಭ್ಯಾಸದಿಂದ ಹಲ್ಲುಗಳು ಒಂದನ್ನೊಂದು ಬಡಿದು ಮೂಲೆಗಳು ಉರುಟಾಗುತ್ತವೆ. ಎಂಜಿನಿನ ವೇಗವನ್ನು ತಗ್ಗಿಸಿ, ಸನ್ನೆಯನ್ನು ದೃಢವಾಗಿ ಒಮ್ಮೆಗೇ ಸರಿಸುವುದೇ ಇದಕ್ಕೆ ಮದ್ದು. ಚಾಲಕದಂಡದ ಮೇಲಿರುವ ನೀರಿನ ಪಂಪಿನ ರಬ್ಬರು ಚಕ್ರವನ್ನೂ ಇದೇ ಸಮಯದಲ್ಲಿ ಬದಲಿಸುವುದು ಉಚಿತ. ಅದರ ರೆಕ್ಕೆಗಳು ಗಡಸಾಗಿ ಬಾಗಿಯೇ ಉಳಿದರೆ ಎಂಜಿನಿಗೆ ತಂಪುನೀರು ಏರುವುದಿಲ್ಲ. ನೀರಿಲ್ಲದೆ ಓಡಿಸಿದರಂತೂ ಅವು ಕ್ಷಿಪ್ರದಲ್ಲಿ ಸುಟ್ಟುಹೋಗುತ್ತವೆ.

ಜೋಡಣೆ ಮತ್ತು ಪರೀಕ್ಷೆ

ಎಲ್ಲವನ್ನೂ ಜೋಡಿಸಿದ ಮೇಲೆ, ಎಣ್ಣೆ ತುಂಬುವ ಮೊದಲು, ಸಣ್ಣ ಪಂಪಿನಿಂದ ಅಲ್ಪ ಒತ್ತಡದ ಗಾಳಿಯನ್ನು ಒಳಗೆ ತುಂಬಿ ಕವಚವನ್ನು ನೀರಿನಲ್ಲಿ ಮುಳುಗಿಸಬೇಕು. ಗುಳ್ಳೆ ಏಳುವ ಸ್ಥಳವೇ ಸೋರುವ ಸ್ಥಳ. ಒತ್ತಡ ಮಿತಿಮೀರಿದರೆ ನೆಟ್ಟಗಿರುವ ಸೀಲೂ ಕಿತ್ತುಬರುತ್ತದೆ.

ಎಣ್ಣೆಯನ್ನು ಕೆಳಗಿನ ರಂಧ್ರದಿಂದಲೇ ತುಂಬಬೇಕು. ಏರುವ ಎಣ್ಣೆಯು ಗಾಳಿಯನ್ನು ಮೇಲಿನ ರಂಧ್ರದ ಮೂಲಕ ಹೊರದೂಡುತ್ತದೆ. ಮೇಲಿನ ರಂಧ್ರದಲ್ಲಿ ಗುಳ್ಳೆಗಳಿಲ್ಲದ ಎಣ್ಣೆ ಕಾಣಿಸಿಕೊಂಡಾಗ ಮೊದಲು ಅದನ್ನು ಮುಚ್ಚಿ, ಅನಂತರ ಕೆಳಗಿನ ನಳಿಕೆಯನ್ನು ತೆಗೆದು ತಿರುಪು ಬಿಗಿಯಬೇಕು. ಮೇಲಿನಿಂದ ಗಾಳಿ ಒಳಬರಲಾರದುದರಿಂದ ಎಣ್ಣೆ ಕೆಳಗಿನಿಂದ ಬೇಗನೆ ಸುರಿದುಹೋಗುವುದಿಲ್ಲ. ಹಳೆಯ ಎಣ್ಣೆಯನ್ನು ಕೆರೆಗೋ ಹೊಳೆಗೋ ಚೆಲ್ಲದೆ ಡಬ್ಬಿಯಲ್ಲಿ ಸಂಗ್ರಹಿಸಿ ಒಪ್ಪಿಸತಕ್ಕುದು.

ಮೊದಲ ಓಟದ ತರುವಾಯ ಮತ್ತೊಮ್ಮೆ ಎಣ್ಣೆಯ ಕೆಲವು ಹನಿಗಳನ್ನು ತೆಗೆದು ನೋಡಬೇಕು. ಅದು ತಿಳಿಯಾಗಿದ್ದರೆ ನಮ್ಮ ಶೋಧನೆ ಸರಿಯಾದ ಕಾರಣವನ್ನು ಮುಟ್ಟಿದೆಯೆಂದರ್ಥ. ಬೆಳ್ಳಗಾಗಿದ್ದರೆ ದೋಣಿಯನ್ನು ದಡದಲ್ಲಿಯೇ ಉಳಿಸಿಕೊಂಡು ಮತ್ತೆ ಹುಡುಕಲು ತೊಡಗಬೇಕು. ದಡದಲ್ಲಿ ಒಂದು ದಿನ ಹೋದರೆ ನಷ್ಟವಿಲ್ಲ. ನಡುನೀರಿನಲ್ಲಿ ಮೋಟಾರು ಕೈಕೊಟ್ಟರೆ ಹೋಗುವುದು ಜೀವ.