ಪಿಕಪ್ ವಾಹನಕ್ಕೆ ಪೇಜರ್ ಅಲಾರಂ: ತಂತಿ ಜೋಡಣೆಯ ಕ್ರಮ

ಸರಕು ತುಂಬಿದ ಪಿಕಪ್ ವಾಹನವನ್ನು ರಾತ್ರಿ ಗೋದಾಮಿನ ಮುಂದೆ ನಿಲ್ಲಿಸುವುದು ಅನೇಕ ವರ್ತಕರಿಗೆ ಅನಿವಾರ್ಯ. ಬರಿಯ ಸೈರನ್ ಕೂಗಿದರೆ ಮಾಲೀಕರಿಗೆ ಕೇಳಿಸದಿರಬಹುದು. ಪೇಜರ್ ಅಲಾರಂ ಮಾಲೀಕರ ಬಳಿಯಿರುವ ರಿಮೋಟಿಗೂ ರೇಡಿಯೊ ಸಂಕೇತ ಕಳುಹಿಸುತ್ತದೆ. ಕಾಂಕ್ರೀಟ್ ಗೋಡೆಗಳು ಇದರ ವ್ಯಾಪ್ತಿಯನ್ನು ಬಹಳ ಕುಗ್ಗಿಸುವುದರಿಂದ, ಡಬ್ಬದ ಮೇಲೆ ಮುದ್ರಿಸಿದ ದೂರವನ್ನು ನಂಬದೆ ಮಲಗುವ ಕೋಣೆಯಿಂದಲೇ ಪರೀಕ್ಷಿಸುವುದು ಲೇಸು.

ಸಾಧನಕ್ಕೆ 12 ವೋಲ್ಟ್ ಒದಗಿಸುವ ತಂತಿಯ ಫ್ಯೂಸನ್ನು ಬ್ಯಾಟರಿಯ ಸಮೀಪದಲ್ಲಿಯೇ ಇರಿಸತಕ್ಕದ್ದು. ಫ್ಯೂಸ್ ಸಾಧನದ ಬಳಿ ಇದ್ದಲ್ಲಿ, ನಡುವಿನ ತಂತಿ ಸವೆದು ಚಾಸಿಸ್ಸಿಗೆ ತಗುಲಿದಾಗ ರಕ್ಷಣೆಯಿಲ್ಲದೆ ಬೆಂಕಿ ಹತ್ತಬಹುದು. ಅರ್ತಿಂಗ್ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೆ ಬಿಗಿಯಬೇಕು. ಕ್ಯಾಬಿನ್ ಬಾಗಿಲುಗಳಿಗಷ್ಟೇ ಸ್ವಿಚ್ ಇದ್ದರೆ ಹಿಂದಿನ ಸರಕಿಗೆ ಕಾವಲಿಲ್ಲ. ಹಿಂಬಾಗಿಲಿಗೂ ನೀರು ಸೇರದಂತಹ ಸ್ವಿಚ್ಚೊಂದು ಅವಶ್ಯ.

ಎಂಜಿನ್ ತಡೆಯುವ ರಿಲೇಯನ್ನು ಸ್ಟಾರ್ಟರಿನ ತಂತಿಗೆ ಮಾತ್ರ ಜೋಡಿಸುವುದು ಕ್ಷೇಮ. ಇಗ್ನಿಷನ್ ಅಥವಾ ಇಂಧನ ಪಂಪಿನ ತಂತಿಗೆ ಜೋಡಿಸಿದ ರಿಲೇ ಕೆಟ್ಟರೆ, ಘಾಟಿ ಇಳಿಯುತ್ತಿರುವ ವಾಹನದ ಎಂಜಿನ್ ಥಟ್ಟನೆ ನಿಂತು, ಪವರ್ ಬ್ರೇಕಿನ ನೆರವೂ ತಪ್ಪುವ ಅಪಾಯವಿದೆ. ಕಳ್ಳರು ವಾಹನವನ್ನು ತಳ್ಳಿ ಸ್ಟಾರ್ಟ್ ಮಾಡಲಾರರೇ ಎಂದು ಕೆಲವು ಮೆಕ್ಯಾನಿಕ್‌ಗಳು ಆಕ್ಷೇಪಿಸುವರು. ಮೂಟೆ ತುಂಬಿದ ಪಿಕಪ್ಪನ್ನು ಸದ್ದಿಲ್ಲದೆ ತಳ್ಳುವುದು ಅಷ್ಟು ಸುಲಭವಲ್ಲ!

ಜೋಡಣೆ ಮುಗಿದ ಮೇಲೆ, ವಾಹನ ನಿಂತಿರುವಾಗ ಹರಿಯುವ ಒಟ್ಟು ವಿದ್ಯುತ್ತನ್ನು ಮಲ್ಟಿಮೀಟರಿನಿಂದ ಅಳೆಯಿಸಿರಿ. ಅದು 50 ಮಿಲಿಆಂಪಿಯರ್ ಆಗಿದ್ದರೆ ದಿನಕ್ಕೆ 1.2 ಆಂಪಿಯರ್-ಅವರ್ ವ್ಯಯವಾಗುತ್ತದೆ. ಹೀಗೆ 30 ದಿನ ಓಡಿಸದೆ ನಿಲ್ಲಿಸಿದಲ್ಲಿ 60 ಆಂಪಿಯರ್-ಅವರ್ ಬ್ಯಾಟರಿಯು ಅರ್ಧಕ್ಕಿಂತ ಹೆಚ್ಚು ಬರಿದಾಗಿರುತ್ತದೆ.