ತವರಿಗೆ ಹೊರಟ ಬಸುರಿಯ ಕೈಚೀಲ

ಕಳೆದ ಆಷಾಢದಲ್ಲಿ ಹೊನ್ನಾವರದಿಂದ ಅಕ್ಕನ ಫೋನು ಬಂದಾಗ ದುಬೈಯಲ್ಲಿ ರಾತ್ರಿ ಹತ್ತೂವರೆ, ಊರಲ್ಲಿ ಹನ್ನೆರಡು. "ತಂಗಿ, ಮಗಳ ರಕ್ತಪರೀಕ್ಷೆಯಲ್ಲಿ ಏನೋ ಬಂದಿದೆಯಂತೆ. ಬೆಳಗಾದ ಕೂಡಲೇ ಮಣಿಪಾಲಕ್ಕೆ ಹೊರಡಬೇಕಂತೆ" ಎಂದವಳಿಗೆ ಮುಂದೆ ಮಾತೇ ಹೊರಡಲಿಲ್ಲ.

ಅಕ್ಕನ ಮಗಳು ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷ. ಚೊಚ್ಚಲ ಬಸುರಿ, ಓ ನೆಗೆಟಿವ್ ರಕ್ತ. 28ನೇ ವಾರದಲ್ಲಿ ಇಲ್ಲಿಯ ಆಸ್ಪತ್ರೆಯಲ್ಲೇ ಆಂಟಿ-ಡಿ ಇಂಜೆಕ್ಷನ್ ತೆಗೆದುಕೊಂಡು, 30ನೇ ವಾರದಲ್ಲಿ ತವರು ಸೇರಿದ್ದಳು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ ಹುಡುಗಿ. ಆದರೆ ಇಂಜೆಕ್ಷನ್ ಆಗಿದೆ ಎನ್ನುವ ಕಾಗದ ಮಾತ್ರ ಅವಳ ಹತ್ತಿರ ಇರಲಿಲ್ಲ. ಇದ್ದದ್ದೆಲ್ಲ ಆಸ್ಪತ್ರೆಯ ಆ್ಯಪ್‌ನಲ್ಲಿ. ಆ್ಯಪ್ ತೆರೆಯಲು ಒಟಿಪಿ ಬೇಕು, ಒಟಿಪಿ ಬರುವುದು ಇಲ್ಲಿಯ ಸಿಮ್ಮಿಗೆ, ಆ ಸಿಮ್ಮು ಇಲ್ಲೇ ಮೇಜಿನ ಡ್ರಾಯರಿನಲ್ಲಿ.

ಇದೇಕೆ ಇಷ್ಟು ದೊಡ್ಡದಾಯಿತು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಾಯಿಯ ರಕ್ತ ನೆಗೆಟಿವ್ ಇದ್ದು ಮಗುವಿನದು ಪಾಸಿಟಿವ್ ಆದರೆ, ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ತಯಾರಿಸಬಹುದು. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ, ಪೆಟ್ಟು ಬೀಳುವುದು ಮುಂದಿನ ಮಗುವಿಗೆ. ಅದನ್ನು ತಡೆಯಲಿಕ್ಕೇ ಆಂಟಿ-ಡಿ. ಆ ಇಂಜೆಕ್ಷನ್ನಿನಲ್ಲಿ ಇರುವುದೂ ಅದೇ ಜಾತಿಯ ಪ್ರತಿಕಾಯ. ಹಾಗಾಗಿ ಕೊಟ್ಟ ಮೇಲೆ ಕೆಲವು ವಾರ ಐಸಿಟಿ ಎಂಬ ರಕ್ತಪರೀಕ್ಷೆ ಮಾಡಿದರೆ ಪಾಸಿಟಿವ್ ಬರಬಹುದು. ನಮ್ಮ ಹುಡುಗಿಯದೂ ಹಾಗೆಯೇ ಬಂದಿತ್ತು. ಕಾಗದ ನೋಡಿದ ಡಾಕ್ಟರಿಗೆ ಅದು ಇಂಜೆಕ್ಷನ್ನಿನ ಗುರುತಿರಬಹುದು ಎಂದು ಹೊಳೆಯುತ್ತದೆ. ಕಾಗದ ಇಲ್ಲದಿದ್ದರೆ, ಹೊಟ್ಟೆಯೊಳಗಿನ ಮಗುವಿಗೇ ಅಪಾಯ ಬಂದಿದೆ ಎಂದು ಅವರು ಹೆದರಲೇಬೇಕು. "ಯಾವುದೋ ಒಂದು ಇಂಜೆಕ್ಷನ್ ಕೊಟ್ಟಿದ್ದರು" ಎಂಬ ಮಾತನ್ನು ನಂಬಿ ಯಾವ ಡಾಕ್ಟರೂ ಸುಮ್ಮನೆ ಕೂರುವಂತಿಲ್ಲ.

ರಾತ್ರಿಯೆಲ್ಲ ಡ್ರಾಯರ್ ಜಾಲಾಡಿ, ಸಿಮ್ಮು ಹುಡುಕಿ ನಾವು ಕಾಗದ ಕಳಿಸುವ ಹೊತ್ತಿಗೆ ಅವರ ಕಾರು ಮಳೆಯಲ್ಲಿ ಕುಂದಾಪುರ ದಾಟಿತ್ತು. ಮಣಿಪಾಲದಲ್ಲಿ ಮತ್ತೆ ಪರೀಕ್ಷೆ ಮಾಡಿದರು, ಪ್ರತಿಕಾಯದ ಪ್ರಮಾಣ ತೀರಾ ಕಡಿಮೆ, ಇಂಜೆಕ್ಷನ್ನಿನದೇ ಎಂದು ಸಮಾಧಾನ ಹೇಳಿ ಕಳಿಸಿದರು. ತುಂಬಿದ ಹೊಟ್ಟೆಯವಳು ಒಂದೇ ದಿನ ಹೋಗಿ ಬಂದು 250 ಕಿಲೋಮೀಟರಿನಷ್ಟು ರಸ್ತೆ ಸವೆಸಿದ್ದಳು.

ಆ ರಸ್ತೆಯ ವಿಷಯ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಕಾರವಾರದ ದಾರಿ ಮುಚ್ಚಿತು. ಭಟ್ಕಳ, ಹೊನ್ನಾವರ, ಕುಮಟಾದವರಿಗೆ ದೊಡ್ಡಾಸ್ಪತ್ರೆ ಇಂದಿಗೂ ದೂರವೇ. ಹೆರಿಗೆ ಮಳೆಗಾಲದಲ್ಲಿ ಬಂದರೆ, ತೊಂದರೆಯ ಬಸಿರಾದರೆ, ದಿನ ಹತ್ತಿರವಾಗುವ ಮೊದಲೇ ಉಡುಪಿ-ಮಂಗಳೂರಿನ ಕಡೆ ನೆಂಟರ ಮನೆಯಲ್ಲಿ ಉಳಿದುಕೊಳ್ಳಿ. ಅವರಿಗೇಕೆ ತೊಂದರೆ ಎಂಬ ಸಂಕೋಚ ಈ ಒಂದು ಸಲ ಬೇಡ.

ಹಾಗಾಗಿ ಹೊಸದಾಗಿ ಬಂದ ತಂಗಿಯರೇ, ಟಿಕೆಟ್ ತೆಗೆದ ದಿನವೇ ಆಸ್ಪತ್ರೆಗೆ ಹೋಗಿ ಕಾಗದ ಕೇಳಿ. ರಕ್ತದ ಗುಂಪು, ಎಲ್ಲ ಸ್ಕ್ಯಾನಿಂಗ್ ವರದಿ, ಸಕ್ಕರೆ ಮತ್ತು ಹಿಮೋಗ್ಲೋಬಿನ್ ಫಲಿತಾಂಶ, ಕೊಟ್ಟ ಪ್ರತಿ ಇಂಜೆಕ್ಷನ್ನಿನ ಹೆಸರು, ತಾರೀಕು, ಬ್ಯಾಚ್ ನಂಬರು ಎಲ್ಲವೂ ಇರಲಿ. ಡಾಕ್ಟರ ಸಹಿ, ಮೊಹರು ಬೀಳಲಿ. ಎರಡು ಪ್ರತಿ ಮಾಡಿ, ಒಂದನ್ನು ಕೈಚೀಲದಲ್ಲಿಡಿ, ಇನ್ನೊಂದು ಇಲ್ಲಿ ಗಂಡನ ಹತ್ತಿರ ಇರಲಿ. ಸೂಟ್‌ಕೇಸಿನಲ್ಲಿ ಹಾಕಬೇಡಿ. 28 ವಾರ ದಾಟಿದರೆ ಹೆಚ್ಚಿನ ವಿಮಾನದವರು ಡಾಕ್ಟರ ಪತ್ರ ಕೇಳುತ್ತಾರೆ, 36 ದಾಟಿದರೆ ಹತ್ತಿಸಿಕೊಳ್ಳುವುದಿಲ್ಲ.

ಊರು ಮುಟ್ಟಿದ ವಾರದಲ್ಲೇ ಆಶಾ ಕಾರ್ಯಕರ್ತೆಯನ್ನು ಕಂಡು ತಾಯಿ ಕಾರ್ಡ್ ಮಾಡಿಸಿ. ನಾವು ಖಾಸಗಿ ಆಸ್ಪತ್ರೆಯವರು, ನಮಗೇಕೆ ಎನ್ನಬೇಡಿ. ರಾತ್ರಿ ಯಾವ ಆಸ್ಪತ್ರೆಯ ಬಾಗಿಲು ತಟ್ಟಿದರೂ ಅಲ್ಲಿಯವರಿಗೆ ಓದಲು ಬರುವ ದಾಖಲೆ ಅದು. ಇಲ್ಲಿ ಗಂಡೋ ಹೆಣ್ಣೋ ಎಂದು ತಿಳಿದಿದ್ದರೂ ಊರಿನ ಸ್ಕ್ಯಾನಿಂಗ್ ಕೋಣೆಯಲ್ಲಿ ಆ ಮಾತೆತ್ತಬೇಡಿ. 1994ರ ಕಾಯ್ದೆ ಅಲ್ಲಿಯ ಡಾಕ್ಟರಿಗೆ ಅದನ್ನು ಹೇಳಲು ಬಿಡುವುದಿಲ್ಲ.

ಬಾಣಂತನದ ಸುಖವನ್ನು ಮನಸಾರೆ ಉಣ್ಣಿ. ಹಂಡೆಯ ಬಿಸಿನೀರು, ಬೆಳ್ಳುಳ್ಳಿ-ಕಾಳುಮೆಣಸಿನ ಸಾರು, ಅಂಟಿನುಂಡೆ, ಹೊರಗೆ ಸುರಿವ ಮಳೆ. ಇಪ್ಪತ್ತು ವರ್ಷವಾದರೂ ನನಗೆ ಆ ಬಚ್ಚಲಿನ ಹೊಗೆಯ ವಾಸನೆ ಮರೆತಿಲ್ಲ. ನೀರು ಕುಡಿಯಬೇಡ ಎಂದು ಯಾರಾದರೂ ತಡೆದರೆ ಮಾತ್ರ ಕೇಳಬೇಡಿ. ಹಾಲುಣಿಸುವ ತಾಯಿಗೆ ನೀರು ಬೇಕೇ ಬೇಕು. ಕೂಸಿಗೆ ಜೇನು ನೆಕ್ಕಿಸುವುದೂ ವರ್ಷ ತುಂಬುವವರೆಗೆ ಬೇಡ.

ನಮ್ಮ ಹುಡುಗಿಗೆ ಕುಮಟೆಯಲ್ಲಿ ಹೆರಿಗೆಯಾಯಿತು, ಮಗು ಓ ಪಾಸಿಟಿವ್. ಆಗ 72 ತಾಸಿನೊಳಗೆ ತಾಯಿಗೆ ಇನ್ನೊಂದು ಆಂಟಿ-ಡಿ ಕೊಡಬೇಕು. ಈ ಸಲ ಕಾಗದ ಕಣ್ಣೆದುರೇ ಇದ್ದುದರಿಂದ ಔಷಧಿಯನ್ನು ಮೊದಲೇ ತರಿಸಿಟ್ಟಿದ್ದರು. ಜನನ ನೋಂದಣಿಯನ್ನೂ 21 ದಿನದೊಳಗೆ, ಅಪ್ಪ-ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಬರೆಸಿ ಮುಗಿಸಿದರು.

ಮೊನ್ನೆ ಕೂಸನ್ನು ಎತ್ತಿಕೊಂಡು ಹಿಂದಿರುಗಿದಳು. ಚೀಲದಲ್ಲಿ ಲಸಿಕೆ ಕಾರ್ಡು, ಡಿಸ್ಚಾರ್ಜ್ ಪತ್ರ, ಆ ಎರಡನೇ ಇಂಜೆಕ್ಷನ್ನಿನ ಚೀಟಿ. ಅವನ್ನು ಜೋಪಾನವಾಗಿಡು ಎಂದೆ. ಮುಂದಿನ ಮಗುವಿನ ಹೊತ್ತಿಗೆ ಡಾಕ್ಟರು ಮೊದಲು ಕೇಳುವುದು ಆ ಚೀಟಿಯನ್ನೇ.