ರಣಹದ್ದುಗಳ ನಾಶವೂ ದನಗಳ ಔಷಧವೂ

ಊರಿನಲ್ಲಿ ದನವು ಸತ್ತರೆ ಅದನ್ನು ಹೊರಬಯಲಿಗೆ ಸಾಗಿಸಿಬಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿಯು. ಚರ್ಮವನ್ನು ಸುಲಿದ ಬಳಿಕ ಉಳಿದುದನ್ನೆಲ್ಲಾ ರಣಹದ್ದುಗಳು ಸ್ವಲ್ಪ ಹೊತ್ತಿನಲ್ಲಿಯೇ ತಿಂದು ಮುಗಿಸುತ್ತಿದ್ದುವು. ಎಲುಬು ಮಾತ್ರ ಉಳಿಯುತ್ತಿದ್ದಿತು. ಈ ಕೆಲಸಕ್ಕೆ ಕೂಲಿ ಕೊಟ್ಟವರಿಲ್ಲ. ಜಟಾಯುವಿನ ಕಥೆಯನ್ನು ಭಕ್ತಿಯಿಂದ ಕೇಳುವ ನಾವೇ ಆ ಪಕ್ಷಿಯನ್ನು ಅಪಶಕುನವೆಂದು ಕಲ್ಲೆಸೆದು ಓಡಿಸಿದ್ದೂ ಉಂಟು.

1990ರ ದಶಕದಲ್ಲಿ ರಾಜಸ್ಥಾನದ ಭರತಪುರದಲ್ಲಿ ಈ ಪಕ್ಷಿಗಳು ಕುತ್ತಿಗೆಯನ್ನು ಜೋಲುಬಿಟ್ಟು ಕುಳಿತಲ್ಲಿಯೇ ಸಾಯುತ್ತಿದ್ದುದು ಗಮನಕ್ಕೆ ಬಂದಿತು. ಬಿಳಿಬೆನ್ನಿನ ರಣಹದ್ದು 1992ರಲ್ಲಿ ಸಾವಿರವಿದ್ದ ಕಡೆಯಲ್ಲಿ 2007ರ ವೇಳೆಗೆ ಒಂದು ಉಳಿಯಿತೆಂದರೆ ನಾಶದ ವೇಗವನ್ನು ಊಹಿಸಬಹುದು. ಮೊದಲು ಯಾವುದೋ ಅಂಟುರೋಗವೆಂದು ಶಂಕಿಸಿದರು. ಪಾಕಿಸ್ತಾನದಲ್ಲಿ ಸತ್ತ ಪಕ್ಷಿಗಳನ್ನು ಕೊಯ್ದು ಪರೀಕ್ಷಿಸಿದ ವಿದ್ವಾಂಸರು 2004ರಲ್ಲಿ ನಿಜವಾದ ಕಾರಣವನ್ನು ಪ್ರಕಟಿಸಿದರು. ಅದು ದನಗಳ ಬಾವು, ನೋವು, ಜ್ವರಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ಔಷಧವು.

ಔಷಧ ಪಡೆದ ದನವು ಕೆಲವು ದಿನಗಳೊಳಗಾಗಿ ಸತ್ತರೆ ಅದರ ಮಾಂಸದಲ್ಲಿ ಔಷಧದ ಅಂಶವು ಉಳಿದಿರುತ್ತದೆ. ಅದನ್ನು ತಿಂದ ಪಕ್ಷಿಯ ಮೂತ್ರಪಿಂಡವು ಕೆಟ್ಟು, ಒಳಗಿನ ಅಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದಾರ್ಥವು ಕಟ್ಟಿಕೊಂಡು ಪ್ರಾಣ ಹೋಗುತ್ತದೆ. ಒಂದು ಹೆಣಕ್ಕೆ ಹತ್ತಾರು ಪಕ್ಷಿಗಳು ಕೂಡುವುದರಿಂದ, ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ವಿಷವಿದ್ದರೂ ಕುಲವು ಕ್ಷೀಣಿಸಲು ಅಷ್ಟೇ ಸಾಕು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ, ಮರಿಯು ಬಲಿಯಲು ಸುಮಾರು ಐದು ವರ್ಷ ಹಿಡಿಯುವ ಪಕ್ಷಿಗೆ ಈ ನಷ್ಟವನ್ನು ತುಂಬಿಕೊಳ್ಳುವ ಶಕ್ತಿಯಿಲ್ಲ.

ಹದ್ದುಗಳು ಹೋದ ಸ್ಥಳಕ್ಕೆ ನಾಯಿಗಳು ಬಂದುವು. ಹೆಣದ ಮಾಂಸವನ್ನು ತಿಂದು ಬೆಳೆದ ನಾಯಿಗಳ ಹಿಂಡು ಕುರಿಯನ್ನೂ ಕರುವನ್ನೂ ಬಿಡದು. ಹುಚ್ಚುನಾಯಿಯ ಕಡಿತದ ಭಯವಂತೂ ಹೇಳತೀರದು. ದನದ ನೋವು ಶಮನವಾಗಲೆಂದು ಹಾಕಿದ ಚುಚ್ಚುಮದ್ದು ಕೊನೆಗೆ ಮನೆಯ ಮಕ್ಕಳಿಗೆ ಅಪಾಯವನ್ನು ತಂದುದನ್ನು ಯಾರು ತಾನೆ ಊಹಿಸಿದ್ದರು!

ಸರ್ಕಾರವು 2006ರಲ್ಲಿ ಈ ಔಷಧವನ್ನು ದನಗಳಿಗಾಗಿ ತಯಾರಿಸುವುದನ್ನು ನಿಷೇಧಿಸಿತು. ಆದರೂ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಯನ್ನು ಸೇರುತ್ತಿದ್ದುದರಿಂದ 2015ರಲ್ಲಿ ಸೀಸೆಯ ಅಳತೆಯನ್ನು 3 ಮಿಲಿಲೀಟರಿಗೆ ಇಳಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫಿನಾಕ್ ಎಂಬುವುಗಳೂ ಪಶುಗಳಿಗೆ ನಿಷಿದ್ಧವಾದುವು. ರಣಹದ್ದುಗಳಿಗೆ ಬಾಧಕವಲ್ಲದ ಮೆಲಾಕ್ಸಿಕ್ಯಾಮ್ ದೊರೆಯುತ್ತಿರುವಾಗ ನಿಷಿದ್ಧ ಮದ್ದನ್ನು ಹುಡುಕಿಕೊಂಡು ಹೋಗುವುದು ಶುದ್ಧ ಅವಿವೇಕ.

ನಮ್ಮ ರಾಮನಗರದ ರಾಮದೇವರಬೆಟ್ಟದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡುಕಟ್ಟುವ ಕಾರಣ 2012ರಲ್ಲಿ ಆ ಸ್ಥಳವನ್ನು ರಣಹದ್ದುಗಳ ಅಭಯಧಾಮವೆಂದು ಘೋಷಿಸಲಾಯಿತು. ಆದರೆ ಬೆಟ್ಟವನ್ನು ಕಾಯ್ದ ಮಾತ್ರಕ್ಕೆ ಪಕ್ಷಿಯು ಬದುಕುವುದಿಲ್ಲ. ಅದು ಮೇವನ್ನರಸಿ ಬಹುದೂರ ಹಾರುತ್ತದೆ, ಮತ್ತು ಆ ಮೇವಿರುವುದು ನಮ್ಮ ನಮ್ಮ ಗ್ರಾಮಗಳ ಹೊರಬಯಲಿನಲ್ಲಿ.

ಆದಕಾರಣ ಗ್ರಾಮದ ಮುಖಂಡರು ಔಷಧದ ಅಂಗಡಿಯವರನ್ನೂ ನಾಟಿ ಚಿಕಿತ್ಸಕರನ್ನೂ ಕರೆದು ಈ ಹೆಸರುಗಳನ್ನು ಸ್ಪಷ್ಟವಾಗಿ ತಿಳಿಸತಕ್ಕದ್ದು. ಸಾಯುವುದಕ್ಕೆ ಮುಂಚಿನ ಒಂದು ವಾರದಲ್ಲಿ ಯಾವುದೆಂದು ತಿಳಿಯದ ನೋವಿನ ಮದ್ದನ್ನು ಪಡೆದ ದನವನ್ನು ಬಯಲಿಗೆ ಹಾಕದೆ ಹೂಳಬೇಕು. ಚಿರತೆಗೂ ನಾಯಿಗೂ ಎಂದು ಹೆಣಕ್ಕೆ ವಿಷ ಸವರುವುದನ್ನು ಕೂಡಲೇ ತಡೆಯಬೇಕು. ನೆರಡಿ ರೋಗದ ಶಂಕೆಯಿದ್ದರೆ ಹೆಣವನ್ನು ಕೊಯ್ಯದೆ, ಚರ್ಮವನ್ನೂ ಸುಲಿಯದೆ, ಪಶುವೈದ್ಯರಿಗೆ ತಿಳಿಸಿ, ಆಳವಾದ ಗುಂಡಿಯಲ್ಲಿ ಸುಣ್ಣದೊಡನೆ ಮುಚ್ಚತಕ್ಕದ್ದು.